ಮನೆಯಲ್ಲೇ ಬಟ್ಟೆ ಸೋಪು: ತೂಕ, ಹದ ಮತ್ತು ನೀರಿನ ಲೆಕ್ಕ

ಬಟ್ಟೆ ಸೋಪಿಗೆ ಬೇಕಾದ್ದು ಮೂರೇ ಸಾಮಾನು: ಎಣ್ಣೆ, ಕಾಸ್ಟಿಕ್ ಸೋಡಾ, ನೀರು. ಬಣ್ಣ, ಸುವಾಸನೆ, ಬೇವಿನ ಪುಡಿ ಎಲ್ಲ ಮೇಲಿನ ಅಲಂಕಾರ. ಇಷ್ಟು ಸರಳವಾದ ಕೆಲಸ ಕೆಡುವುದು ಸಾಮಾನ್ಯವಾಗಿ ಎರಡೇ ಕಡೆ. ಕಾಸ್ಟಿಕ್ ಸೋಡಾವನ್ನು ತೂಗದೆ ಚಮಚದಲ್ಲೋ ಲೋಟದಲ್ಲೋ ಅಳೆದಾಗ ಒಂದು. ಸೋಪನ್ನು ಚೆನ್ನಾಗಿಯೇ ಮಾಡಿ, ಅದನ್ನು ಗಡಸು ಬೋರ್‌ವೆಲ್ ನೀರಿಗೆ ಹಾಗೇ ಇಳಿಸಿ, ‘ಮನೆ ಸೋಪಿನಿಂದ ಬಿಳಿ ಬಟ್ಟೆ ಮಂಕಾಯಿತು’ ಎಂದು ಕೈಬಿಟ್ಟಾಗ ಇನ್ನೊಂದು. ಅದಕ್ಕೇ ಇಲ್ಲಿ ಸೋಪು ಮಾಡುವುದಕ್ಕೆ ಎಷ್ಟು ಜಾಗ ಕೊಟ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ ಜಾಗವನ್ನು ನೀರಿಗೂ ಬಳಕೆಗೂ ಕೊಟ್ಟಿದೆ.

ಖರ್ಚಿನ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಂಗಡಿಯಿಂದ ಹೊಸ ತೆಂಗಿನೆಣ್ಣೆ ತಂದು ಬಟ್ಟೆ ಸೋಪು ಮಾಡಿದರೆ ದುಡ್ಡು ಉಳಿಯುವುದಿಲ್ಲ. ಮನೆಯ ಕೊಬ್ಬರಿಯಿಂದ ಗಾಣ ಮಾಡಿಸಿದ ಎಣ್ಣೆ ಕಮಟು ಹಿಡಿದಿದ್ದರೆ, ಮದುವೆ ಮನೆಯಲ್ಲಿ ಕರಿದ ಎಣ್ಣೆ ಡಬ್ಬಿಗಟ್ಟಲೆ ಮಿಕ್ಕಿದ್ದರೆ, ಚಿಪ್ಸ್ ಅಥವಾ ಹಪ್ಪಳದ ಸಣ್ಣ ವ್ಯಾಪಾರ ಇದ್ದರೆ ಆಗ ಲೆಕ್ಕ ಗಿಟ್ಟುತ್ತದೆ.

ಮೈ ಸೋಪಲ್ಲ ಇದು

ಎಣ್ಣೆ ಮತ್ತು ಕಾಸ್ಟಿಕ್ ಸೋಡಾ ಸೇರಿದಾಗ ಎರಡೂ ಮಾಯವಾಗಿ ಸೋಪು ಮತ್ತು ಗ್ಲಿಸರಿನ್ ಹುಟ್ಟುತ್ತವೆ. ಸ್ನಾನದ ಸೋಪು ಮಾಡುವವರು ಬೇಕೆಂದೇ ನೂರಕ್ಕೆ ಐದರಿಂದ ಎಂಟು ಪಾಲು ಎಣ್ಣೆ ಉಳಿಯುವಂತೆ ಕಾಸ್ಟಿಕ್ ಕಡಿಮೆ ಹಾಕುತ್ತಾರೆ. ಚರ್ಮಕ್ಕೆ ಅದು ಹಿತ. ಬಟ್ಟೆಗೆ ಅದೇ ಶತ್ರು: ಉಳಿದ ಎಣ್ಣೆ ನೂಲಿಗೆ ಅಂಟಿ, ಟವೆಲ್ ನೀರು ಹೀರುವುದು ನಿಂತು, ಬೀರುವಿನಲ್ಲಿಟ್ಟ ಬಟ್ಟೆ ತಿಂಗಳೊಳಗೆ ಮುಗ್ಗು ವಾಸನೆ ಹೊಡೆಯುತ್ತದೆ. ಆದ್ದರಿಂದ ಬಟ್ಟೆ ಸೋಪಿನಲ್ಲಿ ಎಣ್ಣೆ ನೂರಕ್ಕೆ ಎರಡು ಪಾಲಿಗಿಂತ ಹೆಚ್ಚು ಮಿಗದಂತೆ ನೋಡಿಕೊಳ್ಳಬೇಕು. ಪೂರ್ತಿ ಸೊನ್ನೆಗೆ ಇಳಿಸುವುದೂ ಬೇಡ. ತಕ್ಕಡಿ ಎರಡು ಗ್ರಾಂ ಆಚೀಚೆ ತೋರಿಸಿದರೂ ಉಳಿಯುವುದು ಕಾಸ್ಟಿಕ್ ಆಗಿರುತ್ತದೆ, ಕೈ ಸುಡುತ್ತದೆ.

ಅಂಗಡಿಯ ನೀಲಿ ಡಿಟರ್ಜೆಂಟ್ ಬಾರ್ ಇದರ ಜಾತಿಯೇ ಅಲ್ಲ. ಅದರ ಮೂಲ ಪೆಟ್ರೋಲಿಯಂನಿಂದ ಬಂದ ರಾಸಾಯನಿಕ, ಗಡಸು ನೀರಿನಲ್ಲೂ ಅಷ್ಟಾಗಿ ಸೋಲುವುದಿಲ್ಲ. ನಾವು ಮಾಡುತ್ತಿರುವುದು ಹಿಂದೆ ದಾರದಿಂದ ತುಂಡು ಮಾಡಿ ಮಾರುತ್ತಿದ್ದರಲ್ಲ, ಆ ಉದ್ದ ಬಾರ್ ಸೋಪಿನ ಬಗೆ.

ಸಾಮಾನು ಮತ್ತು ತೂಕ

ಒಂದು ಕೆಜಿ ಎಣ್ಣೆಯ ಲೆಕ್ಕ. ಎಲ್ಲವೂ ತೂಕವೇ, ನೀರು ಕೂಡ.

- ತೆಂಗಿನೆಣ್ಣೆ: 700 ಗ್ರಾಂ (ಕಮಟು ಹಿಡಿದದ್ದಾದರೂ ಸರಿ)
- ಕರಿದುಳಿದ ಸೂರ್ಯಕಾಂತಿ, ಶೇಂಗಾ ಅಥವಾ ಪಾಮ್ ಎಣ್ಣೆ: 300 ಗ್ರಾಂ
- ಕಾಸ್ಟಿಕ್ ಸೋಡಾ: 180 ಗ್ರಾಂ
- ಸಿಟ್ರಿಕ್ ಆಸಿಡ್, ಅಂದರೆ ನಿಂಬೆ ಉಪ್ಪು: 20 ಗ್ರಾಂ
- ನೀರು: 350 ಗ್ರಾಂ. ಮಳೆನೀರು ಅಥವಾ ಆರ್‌ಒ ನೀರು ಒಳ್ಳೆಯದು

ಈ 180 ಗ್ರಾಂ ಎಲ್ಲಿಂದ ಬಂತು? ಎಣ್ಣೆಯ ಪಾಲು 168 ಗ್ರಾಂ, ಸಿಟ್ರಿಕ್ ಆಸಿಡ್ ತಿನ್ನುವುದು 12 ಗ್ರಾಂ. ಸಿಟ್ರಿಕ್ ಆಸಿಡ್ ಸಿಗದಿದ್ದರೆ ಅಥವಾ ನಿಮ್ಮದು ಮೆದು ನೀರಾದರೆ ಅದನ್ನು ಬಿಟ್ಟುಬಿಡಿ. ಆಗ ಕಾಸ್ಟಿಕ್ 168 ಗ್ರಾಂ ಮಾತ್ರ, ನೀರು 340. ಸಿಟ್ರಿಕ್ ಆಸಿಡ್ ಬಿಟ್ಟು ಕಾಸ್ಟಿಕ್ 180 ಗ್ರಾಂ ಹಾಗೇ ಇಟ್ಟರೆ ಕಾಸ್ಟಿಕ್ ಮಿಕ್ಕಿ ಸೋಪು ಕೈ ಸುಡುತ್ತದೆ, ಮರೆಯಬೇಡಿ. ಸಿಟ್ರಿಕ್ ಆಸಿಡ್ ಕಾಸ್ಟಿಕ್ ಜೊತೆ ಸೇರಿ ಸೋಡಿಯಂ ಸಿಟ್ರೇಟ್ ಆಗುತ್ತದೆ. ನೀರಿನ ಗಡಸನ್ನು ಹಿಡಿದಿಟ್ಟುಕೊಳ್ಳುವ ಕೆಲಸ ಅದರದ್ದು.

ಅಂಗಡಿಯಲ್ಲಿ ಸಿಗುವ ಕಾಸ್ಟಿಕ್ ಹಾಳೆಚೂರು ಸಾಮಾನ್ಯವಾಗಿ ಶೇಕಡಾ 98ರಷ್ಟು ಶುದ್ಧ. ಮೇಲಿನ ತೂಕಕ್ಕೆ ಆ ಎರಡು ಪಾಲಿನ ಕೊರತೆಯೇ ‘ಉಳಿಯುವ ಎಣ್ಣೆ’ಯಾಗಿ ಕೂರುತ್ತದೆ, ಬೇರೆ ಕಳೆಯಬೇಕಿಲ್ಲ. ಕಾಸ್ಟಿಕ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಬಾಯಿ ತೆರೆದಿಟ್ಟ ಪೊಟ್ಟಣದಲ್ಲಿ ಚೂರುಗಳು ಒಂದಕ್ಕೊಂದು ಅಂಟಿ ಉಂಡೆಯಾಗಿದ್ದರೆ ನೀವು ತೂಗುತ್ತಿರುವುದರಲ್ಲಿ ನೀರೂ ಸೇರಿದೆ ಎಂದರ್ಥ. ಅಂಥದ್ದರಿಂದ ಸೋಪು ಮೆದುವಾಗಿ, ಜಿಡ್ಡಾಗಿ ಬರುತ್ತದೆ. ಸಿಂಕ್ ಮತ್ತು ಚರಂಡಿ ಕಟ್ಟಿಕೊಂಡಾಗ ಹಾಕುವ ಪುಡಿಯನ್ನು ಇದಕ್ಕೆ ಬಳಸಲೇಬೇಡಿ. ಅದರಲ್ಲಿ ಅಲ್ಯೂಮಿನಿಯಂ ಚೂರು, ಬೇರೆ ಲವಣಗಳು ಬೆರೆತಿರಬಹುದು.

ತೆಂಗಿನೆಣ್ಣೆಯೇ ಏಕೆ ಮುಖ್ಯ? ಅದರ ಅರ್ಧದಷ್ಟು ಭಾಗ ಲಾರಿಕ್ ಆಮ್ಲ. ಇದರಿಂದ ಬರುವ ಸೋಪು ಗಟ್ಟಿ, ತಣ್ಣೀರಿನಲ್ಲೂ ಬೇಗ ಕರಗುತ್ತದೆ, ಜಿಡ್ಡು ಕಿತ್ತೆಸೆಯುತ್ತದೆ. ಉಪ್ಪು ನೀರಿನಲ್ಲೂ ನೊರೆ ಬರುವುದು ಈ ಸೋಪಿಗೆ ಮಾತ್ರ ಎನ್ನಬಹುದು, ಹಡಗಿನವರು ಸಮುದ್ರದ ನೀರಿನಲ್ಲಿ ಒಗೆಯಲು ತೆಂಗಿನೆಣ್ಣೆ ಸೋಪನ್ನೇ ಇಟ್ಟುಕೊಳ್ಳುತ್ತಿದ್ದರು. ಸೂರ್ಯಕಾಂತಿ ಎಣ್ಣೆ ಇದಕ್ಕೆ ತದ್ವಿರುದ್ಧ. ಅದೊಂದರಿಂದಲೇ ಮಾಡಿದ ಸೋಪು ವಾರವಾದರೂ ಬೆರಳು ಒತ್ತಿದರೆ ತಗ್ಗುತ್ತದೆ, ಮುಂದೆ ಕಿತ್ತಳೆ ಬಣ್ಣದ ಚುಕ್ಕೆ ಎದ್ದು ನಾರುತ್ತದೆ. ಮೂರನೇ ಒಂದು ಪಾಲು ದಾಟಿಸಬೇಡಿ.

ಪಾತ್ರೆ ಪಡಗ

ಸ್ಟೀಲ್ ಪಾತ್ರೆ ಒಂದು, ಕನಿಷ್ಠ ನಾಲ್ಕು ಲೀಟರಿನದು. ಕಾಸ್ಟಿಕ್ ಕರಗಿಸಲು ದಪ್ಪ ಪ್ಲಾಸ್ಟಿಕ್ ಜಗ್, ತಳದಲ್ಲಿ ತ್ರಿಕೋನದೊಳಗೆ 5 ಅಥವಾ 2 ಎಂದು ಬರೆದಿರುವುದು. ಒಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ. ಸ್ಟೀಲ್ ಸೌಟು. ಹ್ಯಾಂಡ್ ಬ್ಲೆಂಡರ್ ಇದ್ದರೆ ಐದು ನಿಮಿಷದ ಕೆಲಸ, ಕೈಯಲ್ಲಿ ತಿರುವಿದರೆ ಮುಕ್ಕಾಲು ಗಂಟೆ, ಕೆಲವು ಸಲ ಒಂದು ಗಂಟೆ.

ಅಲ್ಯೂಮಿನಿಯಂ ಹತ್ತಿರಕ್ಕೂ ತರಬಾರದು. ಕಾಸ್ಟಿಕ್ ತಾಕಿದ ಕೂಡಲೇ ಅದು ಬುಸುಗುಟ್ಟುತ್ತದೆ, ಹೊರಬರುವುದು ಹೈಡ್ರೋಜನ್, ಬೆಂಕಿ ಹತ್ತುವ ಅನಿಲ. ಗಾಜಿನ ಜಾಡಿ ಒಳಗಿನ ಕಾವಿಗೆ ಯಾವಾಗ ಸೀಳುತ್ತದೋ ಹೇಳಲಾಗದು. ಮರದ ಸೌಟು ನಾಲ್ಕಾರು ಸಲಕ್ಕೆ ನಾರು ನಾರಾಗುತ್ತದೆ. ಇದಕ್ಕೆ ಎತ್ತಿಟ್ಟ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಬಾರದು.

ಅಚ್ಚಿಗೆ ಒಂದು ಲೀಟರಿನ ಐಸ್‌ಕ್ರೀಂ ಡಬ್ಬಿ ಎರಡು ಸಾಕು. ಮರದ ಪೆಟ್ಟಿಗೆಯಾದರೆ ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ.

ಕಾಸ್ಟಿಕ್ ಸೋಡಾ ಮುಟ್ಟುವ ಮುನ್ನ

ಕಣ್ಣಿಗೆ ಮುಚ್ಚಿದ ಕನ್ನಡಕ, ಮೊಣಕೈವರೆಗಿನ ರಬ್ಬರ್ ಗ್ಲೌಸ್, ಉದ್ದ ತೋಳಿನ ಹತ್ತಿ ಬಟ್ಟೆ, ಕಾಲಿಗೆ ಚಪ್ಪಲಿಯಲ್ಲ, ಶೂ. ಮಕ್ಕಳು, ನಾಯಿ, ಬೆಕ್ಕು ಮನೆಯೊಳಗಿರಲಿ, ನೀವು ಹಿತ್ತಿಲಲ್ಲೋ ಟೆರೇಸಿನಲ್ಲೋ ಇರಿ. ಪಕ್ಕದಲ್ಲಿ ನಲ್ಲಿ ಅಥವಾ ತುಂಬಿದ ಬಕೆಟ್ ಇರಲೇಬೇಕು.

ಚರ್ಮಕ್ಕೆ ಸಿಡಿದರೆ ಹರಿಯುವ ನೀರಿನಲ್ಲಿ 15ರಿಂದ 20 ನಿಮಿಷ ತೊಳೆಯಿರಿ. ನಿಂಬೆರಸ, ವಿನಿಗರ್ ಹಚ್ಚುವುದು ತಪ್ಪು, ಎರಡೂ ಸೇರಿ ಅಲ್ಲೇ ಕಾವು ಹುಟ್ಟಿ ಗಾಯ ಹೆಚ್ಚುತ್ತದೆ. ಕಣ್ಣಿಗೆ ಬಿದ್ದರೂ ಅಷ್ಟೇ ಹೊತ್ತು ತೊಳೆದು, ತಡ ಮಾಡದೆ ಆಸ್ಪತ್ರೆಗೆ ಹೋಗಿ. ಯಾರಾದರೂ ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ, ಇಳಿಯುವಾಗ ಸುಟ್ಟದ್ದು ಹತ್ತುವಾಗ ಮತ್ತೆ ಸುಡುತ್ತದೆ. ಕರಗಿಸಿದ ಕಾಸ್ಟಿಕ್ ನೋಡಲು ನೀರಿನಂತೆಯೇ ಇರುತ್ತದೆ. ಅದನ್ನು ನೀರಿನ ಬಾಟಲಿಯಲ್ಲಿ, ಲೋಟದಲ್ಲಿ ಒಂದು ಕ್ಷಣಕ್ಕೂ ಇಡಬೇಡಿ.

ಕರಿದ ಎಣ್ಣೆಯನ್ನು ತೊಳೆಯುವುದು

ಬೋಂಡ ಕರಿದ ಎಣ್ಣೆಯಲ್ಲಿ ಉಪ್ಪು, ಹಿಟ್ಟಿನ ಕರಿ, ಮೆಣಸಿನಪುಡಿ ಎಲ್ಲ ಇರುತ್ತದೆ. ಪಂಚೆ ಬಟ್ಟೆಯಲ್ಲಿ ಸೋಸಿದರೆ ದಪ್ಪ ಕಸ ಹೋಗುತ್ತದೆ, ವಾಸನೆ ಮತ್ತು ಉಪ್ಪು ಹೋಗುವುದಿಲ್ಲ. ಅದಕ್ಕೆ ಎಣ್ಣೆಯಷ್ಟೇ ನೀರು, ಲೀಟರಿಗೆ ಒಂದು ಚಮಚ ಉಪ್ಪು ಹಾಕಿ, ಅರ್ಧಕ್ಕಿಂತ ಹೆಚ್ಚು ತುಂಬದ ಆಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಕುದಿಸಿ. ಉಪ್ಪನ್ನು ತೆಗೆಯಲು ಉಪ್ಪೇ ಏಕೆಂದರೆ, ಉಪ್ಪು ನೀರು ಭಾರವಾಗಿ ಎಣ್ಣೆಯಿಂದ ಚೆನ್ನಾಗಿ ಬೇರೆಯಾಗುತ್ತದೆ. ರಾತ್ರಿ ಅಲುಗಾಡಿಸದೆ ಬಿಟ್ಟು, ಬೆಳಿಗ್ಗೆ ಮೇಲಿನ ಎಣ್ಣೆಯನ್ನು ಸೌಟಿನಿಂದ ತೆಗೆಯಿರಿ. ಮತ್ತೊಮ್ಮೆ ಬರೀ ನೀರಿನಲ್ಲಿ ಹೀಗೇ ಮಾಡಿ. ಕೊನೆಗೆ ಎಣ್ಣೆಯೊಂದನ್ನೇ ಸಣ್ಣ ಉರಿಯಲ್ಲಿಟ್ಟು ಚಟಪಟ ಸದ್ದು ನಿಲ್ಲುವವರೆಗೆ ಕಾಯಿಸಿ. ಸದ್ದು ನಿಂತರೆ ನೀರು ಹೋಯಿತು. ನೀರು ಉಳಿದ ಎಣ್ಣೆಯನ್ನು ತೂಗಿದರೆ ಎಣ್ಣೆಯ ತೂಕ ಸುಳ್ಳಾಗುತ್ತದೆ, ಕಾಸ್ಟಿಕ್ ಹೆಚ್ಚಾಗುತ್ತದೆ.

ಮಾಡುವ ಕ್ರಮ

ಹಂತ 1. ಜಗ್ಗಿನಲ್ಲಿ 350 ಗ್ರಾಂ ತಣ್ಣೀರು ತೂಗಿ, ಸಿಟ್ರಿಕ್ ಆಸಿಡ್ ಹಾಕಿ ಪೂರ್ತಿ ಕರಗಿಸಿ. ಕಾಸ್ಟಿಕ್ ಅನ್ನು ಬೇರೊಂದು ಒಣ ಡಬ್ಬಿಯಲ್ಲಿ ತೂಗಿಡಿ.

ಹಂತ 2. ಕಾಸ್ಟಿಕ್ ಅನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ, ನಾಲ್ಕೈದು ಕಂತಿನಲ್ಲಿ ಹಾಕುತ್ತ ತಿರುವಿ. ಯಾವತ್ತೂ ನೀರಿಗೆ ಕಾಸ್ಟಿಕ್, ಕಾಸ್ಟಿಕ್‌ಗೆ ನೀರಲ್ಲ. ತಿರುಗುಮುರುಗು ಮಾಡಿದರೆ ಮೇಲೆ ಬಿದ್ದ ಸ್ವಲ್ಪ ನೀರು ಒಮ್ಮೆಲೇ ಕುದಿದು ಮುಖಕ್ಕೆ ಸಿಡಿಯುತ್ತದೆ. ಒಂದೆರಡು ನಿಮಿಷದಲ್ಲಿ ಜಗ್ಗಿನ ಕಾವು 80 ಡಿಗ್ರಿ ದಾಟುತ್ತದೆ, ಘಾಟು ಆವಿ ಏಳುತ್ತದೆ. ಮುಖವನ್ನು ಪಕ್ಕಕ್ಕೆ ಹಿಡಿಯಿರಿ, ಗಾಳಿ ನಿಮ್ಮ ಬೆನ್ನ ಕಡೆಯಿಂದ ಬೀಸುತ್ತಿರಲಿ. ಮೊದಲು ಮಬ್ಬಾಗಿದ್ದ ನೀರು ತಿಳಿಯಾದರೆ ಕರಗಿತು. ತಳದಲ್ಲಿ ಒಂದು ಚೂರೂ ಉಳಿಯಬಾರದು.

ಹಂತ 3. ಜಗ್ ಅನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು 40 ಡಿಗ್ರಿಯ ಆಸುಪಾಸಿಗೆ ಬರುವವರೆಗೆ ಬಿಡಿ. ಥರ್ಮಾಮೀಟರ್ ಇಲ್ಲದವರು ಜಗ್ಗಿನ ಹೊರಮೈ ಮುಟ್ಟಿ ನೋಡಿ: ಬೆಚ್ಚಗಿರಬೇಕು, ಕೈ ಹಿಂದೆಗೆಯುವಂತಿರಬಾರದು. ಅಷ್ಟರಲ್ಲಿ ಎಣ್ಣೆಗಳನ್ನು ಸ್ಟೀಲ್ ಪಾತ್ರೆಯಲ್ಲಿ ಸೇರಿಸಿ ಅದೇ ಬೆಚ್ಚಗಿಗೆ ತನ್ನಿ. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಗಿನ ಬೆಂಗಳೂರಿನಲ್ಲಿ, ಕೊಡಗಿನಲ್ಲಿ ಕಾಯಿಸದೆ ಮುಂದೆ ಹೋಗುವಂತಿಲ್ಲ.

ಹಂತ 4. ಕಾಸ್ಟಿಕ್ ನೀರನ್ನು ಸಣ್ಣ ಧಾರೆಯಾಗಿ ಎಣ್ಣೆಗೆ ಸುರಿಯಿರಿ. ಬ್ಲೆಂಡರಿನ ತಲೆ ಪೂರ್ತಿ ಮುಳುಗಿದ ಮೇಲೆಯೇ ಸ್ವಿಚ್ ಒತ್ತಿ, ಹತ್ತು ಸೆಕೆಂಡ್ ಓಡಿಸಿ, ಅರ್ಧ ನಿಮಿಷ ಕೈಯಲ್ಲಿ ತಿರುವಿ, ಮತ್ತೆ ಓಡಿಸಿ. ಮೊದಲು ಕಂದು ಎಣ್ಣೆ ಮಬ್ಬಾಗುತ್ತದೆ. ಆಮೇಲೆ ಮಜ್ಜಿಗೆಯಂತೆ. ಆಮೇಲೆ ದೋಸೆ ಹಿಟ್ಟಿನಂತೆ.

ಈ ಹದ ಹಿಡಿಯುವುದು ಕಣ್ಣಿನ ಕೆಲಸ. ಸೌಟಿನಿಂದ ಎತ್ತಿ ಬಿಟ್ಟ ಧಾರೆ ಕೂಡಲೇ ಒಳಗೆ ಮುಳುಗಿ ಹೋದರೆ ಇನ್ನೂ ಆಗಿಲ್ಲ. ಮೇಲೆ ಗೆರೆಯಾಗಿ ಎರಡು ಮೂರು ಸೆಕೆಂಡ್ ನಿಂತು, ನಿಧಾನವಾಗಿ ಒಳಗೆ ಇಳಿದರೆ ಹದ ಬಂತು. ಪಾತ್ರೆಯ ಅಂಚಿನಲ್ಲಿ ಎಣ್ಣೆಯ ಹೊಳಪಿನ ಗೆರೆ ಕಾಣಬಾರದು. ಕಮಟು ಹಿಡಿದ ಎಣ್ಣೆ, ಬಹಳ ಸಲ ಕರಿದ ಎಣ್ಣೆ ಇದ್ದರೆ ಈ ಹದ ಎರಡು ನಿಮಿಷದಲ್ಲೇ ಬಂದು, ನೋಡನೋಡುತ್ತ ಉಪ್ಪಿಟ್ಟಿನಂತೆ ಗಟ್ಟಿಯಾಗಬಹುದು. ಅಂಥ ಎಣ್ಣೆಗೆ ಬ್ಲೆಂಡರ್ ಬಿಟ್ಟು ಸೌಟನ್ನೇ ಹಿಡಿಯಿರಿ.

ಹಂತ 5. ಅಚ್ಚಿಗೆ ಸುರಿದು, ನೆಲಕ್ಕೆ ನಾಲ್ಕು ಸಲ ಮೆಲ್ಲಗೆ ಕುಟ್ಟಿ ಗಾಳಿ ಬಿಡಿಸಿ. ರಟ್ಟು ಮುಚ್ಚಿಡಿ. ಒಂದೆರಡು ಗಂಟೆಯಲ್ಲಿ ಡಬ್ಬಿ ತಾನೇ ಬಿಸಿಯಾಗುತ್ತದೆ, ನಡುಭಾಗ ವ್ಯಾಸಲೀನಿನಂತೆ ಅರೆಪಾರದರ್ಶಕವಾಗುತ್ತದೆ. ಹೆದರಬೇಡಿ, ಸೋಪು ಬೇಯುತ್ತಿದೆ. ತೆಂಗಿನೆಣ್ಣೆ ಹೆಚ್ಚಿರುವುದರಿಂದ ಬೇಸಿಗೆಯಲ್ಲಿ ಕಂಬಳಿ ಹೊದಿಸಬೇಡಿ. ನಡುವೆ ಉಬ್ಬಿ ಬಿರುಕು ಬಿಡುತ್ತದೆ.

ಹಂತ 6. ಕತ್ತರಿಸುವ ಹೊತ್ತು ತಪ್ಪಿಸಿಕೊಳ್ಳುವುದು ಹೊಸಬರ ದೊಡ್ಡ ತಪ್ಪು. ‘24 ಗಂಟೆ ಬಿಡಿ’ ಎನ್ನುವ ಮಾತು ಬೇರೆ ಎಣ್ಣೆಗಳ ಸೋಪಿಗೆ. ಈ ಸೋಪು ಆರರಿಂದ ಹತ್ತು ಗಂಟೆಯೊಳಗೆ ಕತ್ತರಿಸುವ ಹದಕ್ಕೆ ಬರುತ್ತದೆ. ಮೈಸೂರ್‌ಪಾಕಿಗೆ ಬಿಸಿ ಇರುವಾಗಲೇ ಗೆರೆ ಎಳೆಯದಿದ್ದರೆ ಆಮೇಲೆ ಚಾಕು ಇಟ್ಟಲ್ಲೆಲ್ಲ ಪುಡಿಯಾಗುತ್ತದಲ್ಲ, ಇಲ್ಲೂ ಹಾಗೇ. ಐದನೇ ಗಂಟೆಯಿಂದ ಗ್ಲೌಸ್ ಹಾಕಿಕೊಂಡು ಅಂಚನ್ನು ಒತ್ತಿ ನೋಡುತ್ತಿರಿ. ಬೆರಳಿನ ಗುರುತು ಕಷ್ಟದಿಂದ ಮೂಡುವಾಗ ಡಬ್ಬಿ ಮಗುಚಿ, ಗಟ್ಟಿ ನೈಲಾನ್ ದಾರ ಅಥವಾ ತೆಳು ತಂತಿಯಿಂದ ಕತ್ತರಿಸಿ. ಸೋಪು ಇನ್ನೂ ಎರಡು ದಿನ ಕೈ ಸುಡುತ್ತದೆ, ಬರಿಗೈ ಬೇಡ.

ಹಂತ 7. ಬಿಲ್ಲೆಗಳ ನಡುವೆ ಬೆರಳು ಅಗಲ ಜಾಗ ಬಿಟ್ಟು, ನೆರಳಿನಲ್ಲಿ ಗಾಳಿಯಾಡುವ ಕಡೆ ಬಿದಿರಿನ ತಟ್ಟೆ ಅಥವಾ ಪ್ಲಾಸ್ಟಿಕ್ ಜಾಲರಿಯ ಮೇಲೆ ಜೋಡಿಸಿ. ಎರಡು ವಾರಕ್ಕೆ ಬಳಸಬಹುದು, ನಾಲ್ಕು ವಾರ ಬಿಟ್ಟರೆ ನೀರಾರಿ ಎರಡರಷ್ಟು ದಿನ ಬಾಳುತ್ತದೆ. ಕರಾವಳಿ, ಮಲೆನಾಡಿನ ಜುಲೈ ತಿಂಗಳಲ್ಲಿ ಬಿಲ್ಲೆಯ ಮೇಲೆ ಬೆವರಿನ ಹನಿ ಕೂರುತ್ತದೆ. ಅದು ಗಾಳಿಯ ತೇವವನ್ನು ಗ್ಲಿಸರಿನ್ ಎಳೆದುಕೊಂಡದ್ದು. ಒರೆಸಿ ಫ್ಯಾನಿನ ಕೆಳಗಿಟ್ಟರಾಯಿತು.

ಸೋಪು ಮೆತ್ತಿದ ಪಾತ್ರೆಯನ್ನು ಅಂದೇ ತಿಕ್ಕಲು ಹೋಗಬೇಡಿ. ಮರುದಿನಕ್ಕೆ ಆ ಜಿಡ್ಡೆಲ್ಲ ತಾನೇ ಸೋಪಾಗಿರುತ್ತದೆ, ಬಿಸಿನೀರು ಹಾಕಿದರೆ ಸಾಕು.

ಪರೀಕ್ಷೆ: ಅರಿಶಿನ ಸಾಲದು

ಸೋಪಿನ ಮೇಲೆ ಅರಿಶಿನದ ನೀರು ಹಾಕಿ, ಕೆಂಪಾದರೆ ಕಾಸ್ಟಿಕ್ ಉಳಿದಿದೆ ಎನ್ನುವ ಸಲಹೆ ಓಡಾಡುತ್ತದೆ. ಅದನ್ನು ನಂಬಿದರೆ ಜಗತ್ತಿನ ಎಲ್ಲ ಸೋಪನ್ನೂ ಎಸೆಯಬೇಕು. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದು ಇದೇ ಗುಣದಿಂದ: ಸ್ವಲ್ಪ ಕ್ಷಾರ ತಾಕಿದರೂ ಅರಿಶಿನ ಕೆಂಪಾಗುತ್ತದೆ, ಒಳ್ಳೆಯ ಸೋಪೂ ಕ್ಷಾರವೇ. ಪಿಎಚ್ ಪಟ್ಟಿ, ಅಂದರೆ ಕ್ಷಾರ ಎಷ್ಟಿದೆ ಎಂದು ಬಣ್ಣದಿಂದ ತೋರಿಸುವ ಕಾಗದ ತನ್ನಿ. ಒಂದು ಗ್ರಾಂ ಸೋಪಿನ ತುರಿಯನ್ನು 100 ಮಿಲಿ ಆರ್‌ಒ ನೀರಿನಲ್ಲಿ ಕರಗಿಸಿ ಅದ್ದಿ. 9ರಿಂದ 10ರ ಆಸುಪಾಸು ಇದ್ದರೆ ಸರಿ. ವಾರ ಕಳೆದ ಮೇಲೂ 11 ದಾಟಿದ್ದರೆ ಕಾಸ್ಟಿಕ್ ಮಿಕ್ಕಿದೆ.

ಕೆಟ್ಟರೆ ಏನು, ಏಕೆ

ಮೇಲೆ ಬಿಳಿ ಬೂದಿಯಂಥ ಪೊರೆ ಬಂದರೆ ಅದು ಕಾಸ್ಟಿಕ್ ಗಾಳಿಯೊಂದಿಗೆ ಸೇರಿ ಆದ ವಾಷಿಂಗ್ ಸೋಡಾ, ಬಟ್ಟೆ ಸೋಪಿಗೆ ಲಾಭವೇ. ಒಳಗೆ ಬಿಳಿ ಗಟ್ಟಿ ಕಾಳುಗಳಿದ್ದು ಸುತ್ತ ನೀರು ಒಸರುತ್ತಿದ್ದರೆ ಮಾತು ಬೇರೆ: ಕಾಸ್ಟಿಕ್ ಕರಗಿರಲಿಲ್ಲ ಅಥವಾ ತಿರುವಿದ್ದು ಸಾಲದಾಗಿತ್ತು. ಅಚ್ಚಿನಲ್ಲಿ ಎಣ್ಣೆ ಮೇಲೆ, ಕಾಸ್ಟಿಕ್ ನೀರು ಕೆಳಗೆ ಬೇರೆಯಾದರೆ ನೀವು ನೋಡಿದ ಹದ ಸುಳ್ಳು ಹದ. ಎಣ್ಣೆ ತಣ್ಣಗಾಗಿ ಹೆಪ್ಪುಗಟ್ಟಿದ್ದನ್ನು ಸೋಪಿನ ಹದವೆಂದು ಕಣ್ಣು ಮೋಸ ಹೋಗಿರುತ್ತದೆ. ಪಾತ್ರೆಗೆ ವಾಪಸ್ ಸುರಿದು, ಬೆಚ್ಚಗೆ ಮಾಡಿ ಮತ್ತೆ ತಿರುವಿದರೆ ಸರಿಹೋಗುತ್ತದೆ.

ಕಾಸ್ಟಿಕ್ ಹೆಚ್ಚಾದ ಸೋಪನ್ನು ಎಸೆಯಬೇಕಿಲ್ಲ. ಗ್ಲೌಸ್ ಹಾಕಿಕೊಂಡು ತುರಿದು, ಕೆಜಿಗೆ 150 ಮಿಲಿ ನೀರು, 30 ಗ್ರಾಂ ತೆಂಗಿನೆಣ್ಣೆ ಸೇರಿಸಿ, ಕುದಿಯುವ ನೀರಿನ ಮೇಲಿಟ್ಟ ಸ್ಟೀಲ್ ಪಾತ್ರೆಯಲ್ಲಿ ಒಂದು ಗಂಟೆ ಬೇಯಿಸಿ. ಹಲ್ವದಂತೆ ಒಂದಾದ ಮೇಲೆ ಅಚ್ಚಿಗೆ ಒತ್ತಿ. ಅಂದ ಕಡಿಮೆ, ಕೆಲಸ ಅಷ್ಟೇ. ತೂಕ ಎಷ್ಟು ತಪ್ಪಿತೆಂದೇ ಗೊತ್ತಿಲ್ಲದಿದ್ದರೆ ಮಾತ್ರ ಆ ಸೋಪನ್ನು ನೆಲ, ಬಚ್ಚಲು ತಿಕ್ಕಲು ಎತ್ತಿಡಿ.

ಬೇರೆ ಎಣ್ಣೆಗೆ ಲೆಕ್ಕ

ಒಂದು ಗ್ರಾಂ ಎಣ್ಣೆಗೆ ಬೇಕಾಗುವ ಕಾಸ್ಟಿಕ್, ಗ್ರಾಂಗಳಲ್ಲಿ: ತೆಂಗು 0.183, ಪಾಮ್ 0.141, ಶೇಂಗಾ 0.136, ಸೂರ್ಯಕಾಂತಿ 0.134, ಎಳ್ಳು 0.134, ಹರಳೆಣ್ಣೆ 0.128, ಹಿಪ್ಪೆ 0.136, ಹೊಂಗೆ 0.13. ಎಣ್ಣೆಯ ತೂಕದಿಂದ ಗುಣಿಸಿ, ಎಲ್ಲ ಕೂಡಿಸಿ. ತೆಂಗು 700ಕ್ಕೆ 128, ಸೂರ್ಯಕಾಂತಿ 300ಕ್ಕೆ 40, ಒಟ್ಟು 168: ಮೇಲಿನ ಲೆಕ್ಕ ಬಂದದ್ದು ಹೀಗೆ. ನೀರು ಹೆಚ್ಚುಕಡಿಮೆ ಕಾಸ್ಟಿಕ್‌ನ ಎರಡರಷ್ಟು. ತೆಂಗಿನ ಪಾಲನ್ನು ಬೇರೆ ಎಣ್ಣೆಗೆ ಬದಲಿಸಿ ಕಾಸ್ಟಿಕ್ ಹಳೆಯದನ್ನೇ ಹಾಕಿದರೆ ಅಪಾಯ, ಸಂಖ್ಯೆಗಳ ಅಂತರವೇ ಹೇಳುತ್ತದೆ. ಹೊಂಗೆ ಎಣ್ಣೆ ಹಾಕಬಹುದು, ಆದರೆ ಕಂದು ಬಣ್ಣವೂ ಕಹಿ ವಾಸನೆಯೂ ಬಿಡುವುದಿಲ್ಲ. ಗೋಣಿಚೀಲ, ಒರೆಸುವ ಬಟ್ಟೆಗೆ ಸರಿ, ಮಕ್ಕಳ ಬಟ್ಟೆಗೆ ಬೇಡ.

ನೀರು

ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪನ್ನು ಹಿಡಿದು ಕರಗದ ಬಿಳಿ ಗಸಿ ಮಾಡುತ್ತವೆ. ಬಕೆಟಿನ ಅಂಚಿನಲ್ಲಿ ಕಟ್ಟುವ ಜಿಡ್ಡು ಅದೇ. ಬಟ್ಟೆಯ ಎಳೆಯೊಳಗೆ ಸೇರಿ ಮಂಕು ಮಾಡುವುದೂ ಅದೇ. ಎಷ್ಟು ಸೋಪು ಹೀಗೆ ಹಾಳಾಗುತ್ತದೆ ನೋಡಿ. ಲೀಟರಿಗೆ 300 ಮಿಲಿಗ್ರಾಂ ಗಡಸಿರುವ ನೀರು ನಮ್ಮ ಬೋರ್‌ವೆಲ್‌ಗಳಲ್ಲಿ ಅಪರೂಪವಲ್ಲ. ಕುಡಿಯುವ ನೀರಿಗೇ ಭಾರತೀಯ ಮಾನಕ 200 ಎಂದು ಹೇಳಿ, ಬೇರೆ ದಾರಿ ಇಲ್ಲದಿದ್ದರೆ 600ರವರೆಗೆ ಒಪ್ಪುತ್ತದೆ. ಅಂಥ 300ರ ನೀರು ಒಂದು ಬಕೆಟ್, ಅಂದರೆ 20 ಲೀಟರ್, ಕೊಳೆಯನ್ನು ಮುಟ್ಟುವ ಮುಂಚೆಯೇ ಹತ್ತಿರಹತ್ತಿರ 30 ಗ್ರಾಂ ಸೋಪನ್ನು ನುಂಗುತ್ತದೆ. ಅದೇ ಗಡಸನ್ನು ಕೆಳಗಿಳಿಸಲು ಸೋಡಾ ಆ್ಯಶ್, ಅಂದರೆ ವಾಷಿಂಗ್ ಸೋಡಾದ ಒಣ ಪುಡಿ, ಆರೇಳು ಗ್ರಾಂ ಸಾಕು.

ನಿಮ್ಮ ನೀರು ಹೇಗಿದೆ ಎಂದು ತಿಳಿಯಲು ಎರಡು ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ಅರ್ಧ ಲೀಟರ್ ನಲ್ಲಿ ನೀರು, ಇನ್ನೊಂದರಲ್ಲಿ ಅಷ್ಟೇ ಮಳೆನೀರು ಅಥವಾ ಆರ್‌ಒ ನೀರು. ಎರಡಕ್ಕೂ ಬಟಾಣಿ ಕಾಳಿನಷ್ಟು ಸೋಪು ತುರಿದು ಹಾಕಿ ಹತ್ತು ಸಲ ಕುಲುಕಿ. ನಲ್ಲಿ ನೀರಿನಲ್ಲಿ ನೊರೆ ನಿಲ್ಲದೆ ಹಾಲಿನಂತೆ ಮಬ್ಬಾಗಿ ಮೇಲೆ ಕೆನೆ ತೇಲಿದರೆ ಉತ್ತರ ಸಿಕ್ಕಿತು.

ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಬಕೆಟ್ ನೀರಿಗೆ ವಾಷಿಂಗ್ ಸೋಡಾ, ಐದು ನಿಮಿಷ ಬಿಟ್ಟು ಸೋಪು. ಸೋಪು ಮೊದಲು ಹೋದರೆ ಗಸಿ ಆಗಿಹೋಗಿರುತ್ತದೆ, ಆಮೇಲೆ ಸೋಡಾ ಹಾಕಿದರೆ ಅದು ವಾಪಸ್ ಬರುವುದಿಲ್ಲ. ವಾಷಿಂಗ್ ಸೋಡಾ ಎರಡು ರೂಪದಲ್ಲಿ ಸಿಗುತ್ತದೆ. ಹರಳಿನ ನೂರು ಗ್ರಾಂನಲ್ಲಿ 63 ಗ್ರಾಂ ನೀರೇ ಇರುತ್ತದೆ. ಸೋಡಾ ಆ್ಯಶ್ ಎನ್ನುವ ಒಣ ಪುಡಿ ಪೂರ್ತಿ ಸೋಡಾ. ಬಕೆಟಿಗೆ ಹರಳಾದರೆ 20ರಿಂದ 25 ಗ್ರಾಂ, ಒಣ ಪುಡಿಯಾದರೆ 8ರಿಂದ 10 ಗ್ರಾಂ. ಅಡುಗೆ ಸೋಡಾ ಇದಕ್ಕೆ ಬದಲಿಯಲ್ಲ, ತೀರ ದುರ್ಬಲ. ಬೇರೇನೂ ಸಿಗದಿದ್ದರೆ ಕಬ್ಬಿಣದ ಬಾಣಲೆಯಲ್ಲಿ ಮಧ್ಯಮ ಉರಿಯಲ್ಲಿ ಅರ್ಧ ಗಂಟೆ ಕೈಯಾಡಿಸುತ್ತ ಹುರಿಯಿರಿ. 100 ಗ್ರಾಂ ಅಡುಗೆ ಸೋಡಾ 63 ಗ್ರಾಂಗೆ ಇಳಿದಾಗ ಅದು ಸೋಡಾ ಆ್ಯಶ್ ಆಗಿರುತ್ತದೆ. ತಕ್ಕಡಿ ಇಲ್ಲೂ ನಿಮ್ಮ ಸಾಕ್ಷಿ.

ಒಗೆಯುವಾಗ

ಕಲ್ಲಿನ ಮೇಲೆ ಒಗೆಯುವವರಿಗೆ ಬಿಲ್ಲೆ ಸಾಕು. ಸೋಡಾ ನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಕೊರಳಪಟ್ಟಿಗೂ ತೋಳಿನ ಅಂಚಿಗೂ ಸೋಪು ಉಜ್ಜಿ, ಕುಸುಬಿ. ಮೇಲಿನಿಂದ ಬಟ್ಟೆ ಹಾಕುವ ಮೆಷಿನ್‌ಗೆ ಪುಡಿ ಮಾಡಿಕೊಳ್ಳಿ: ತಿಂಗಳು ಒಣಗಿದ ಸೋಪಿನ ತುರಿ 500 ಗ್ರಾಂ, ಸೋಡಾ ಆ್ಯಶ್ 500 ಗ್ರಾಂ, ಮಿಕ್ಸಿಯಲ್ಲಿ ತಿರುವಿ. ಹಸಿ ಸೋಪು ಮಿಕ್ಸಿ ಬ್ಲೇಡಿಗೆ ಮೇಣದಂತೆ ಸುತ್ತಿಕೊಳ್ಳುತ್ತದೆ. ಪುಡಿ ಹಾರುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಸೀನು ತಡೆಯದು. ಒಂದು ಸಲಕ್ಕೆ 30 ಗ್ರಾಂ, ಬಿಸಿನೀರಿನಲ್ಲಿ ಕರಗಿಸಿ ಹಾಕಿ. ಮುಂಬಾಗಿಲಿನ ಮೆಷಿನ್‌ಗೆ ಈ ಸೋಪು ಹೇಳಿದ್ದಲ್ಲ. ಅದರಲ್ಲಿ ನೀರು ಕಡಿಮೆ, ನೊರೆ ಉಕ್ಕುತ್ತದೆ, ಗಸಿ ಡ್ರಮ್ಮಿನ ಹಿಂದೆ ಕಟ್ಟಿಕೊಳ್ಳುತ್ತದೆ.

ಕೊನೆಯ ಜಾಲಾಟದ ಬಕೆಟಿಗೆ ಬಿಳಿ ವಿನಿಗರ್ ಎರಡು ದೊಡ್ಡ ಚಮಚ ಹಾಕಿದರೆ ಉಳಿದ ಕ್ಷಾರ ಹೋಗಿ ಬಟ್ಟೆ ಮೆತ್ತಗಾಗುತ್ತದೆ. ಸೋಪು ನೀರಿಗೇ ವಿನಿಗರ್ ಸುರಿದರೆ ಮಾತ್ರ ಸೋಪು ಒಡೆದು ಎಣ್ಣೆಯ ಆಮ್ಲ ಬಿಳಿ ಮುದ್ದೆಯಾಗಿ ಬಟ್ಟೆಗೆ ಮೆತ್ತುತ್ತದೆ. ಬ್ಲೀಚ್ ಬಳಸಿದ ದಿನ ವಿನಿಗರ್ ಮುಟ್ಟಬೇಡಿ, ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ.

ಸಾರು ಚೆಲ್ಲಿದ ಅಂಗಿಗೆ ಸೋಪು ತಾಕಿದ ಕೂಡಲೇ ಹಳದಿ ಕಲೆ ರಕ್ತದಂತೆ ಕೆಂಪಾಗುತ್ತದೆ. ಗಾಬರಿ ಬೇಡ, ಆಗಲೇ ಹೇಳಿದ ಕುಂಕುಮದ ಗುಣ. ಜಾಲಿಸಿ ನೇರ ಬಿಸಿಲಿಗೆ ಹರವಿ, ಒಂದೆರಡು ದಿನದ ಬಿಸಿಲಿಗೆ ಅರಿಶಿನದ ಬಣ್ಣ ತಾನೇ ಹಾರಿಹೋಗುತ್ತದೆ.

ರೇಷ್ಮೆ ಸೀರೆ, ಉಣ್ಣೆ ಶಾಲಿಗೆ ಈ ಸೋಪೂ ಬೇಡ, ಸೋಡಾವಂತೂ ಬೇಡವೇ ಬೇಡ. ಎರಡೂ ಪ್ರಾಣಿಜನ್ಯ ಎಳೆ, ಕ್ಷಾರಕ್ಕೆ ಹೊಳಪು ಕಳೆದುಕೊಂಡು ಬಿರುಸಾಗುತ್ತವೆ. ಅದಕ್ಕೆ ಹಳೆಯ ಅಂಟುವಾಳವೇ ಸರಿ: ಬೀಜ ತೆಗೆದ ಹತ್ತು ಹನ್ನೆರಡು ಕಾಯಿಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಹದಿನೈದು ನಿಮಿಷ ಕುದಿಸಿ, ಕಿವುಚಿ ಸೋಸಿ, ತಣ್ಣಗಾದ ಮೇಲೆ ಬಳಸಿ. ಫ್ರಿಜ್ಜಿನಲ್ಲಿಟ್ಟರೆ ನಾಲ್ಕೈದು ದಿನ ಕೆಡುವುದಿಲ್ಲ, ಹೊರಗಿಟ್ಟರೆ ಎರಡನೇ ದಿನಕ್ಕೇ ಹುಳಿ ವಾಸನೆ.

ಒಗೆದ ನೀರನ್ನು ಗಿಡಕ್ಕೆ ಬಿಡುವವರು ಒಂದು ವಿಷಯ ನೋಡಿಕೊಳ್ಳಬೇಕು. ಹಿಂದೆ ಮಡಿವಾಳರು ಬಟ್ಟೆಗೆ ಬಳಸುತ್ತಿದ್ದ ಚೌಳು ಮಣ್ಣಿನಲ್ಲಿ ಇದ್ದದ್ದು ಇದೇ ಸೋಡಾ, ಆ ಮಣ್ಣಿನಲ್ಲಿ ಬೆಳೆ ಬಾರದು. ಸೋಪು ಮತ್ತು ಸೋಡಾದ ನೀರನ್ನು ದಿನಾ ಒಂದೇ ಬುಡಕ್ಕೆ ಸುರಿದರೆ ಹಿತ್ತಿಲಲ್ಲಿ ಅಂಥದ್ದೇ ಚೌಳು ಎದ್ದೀತು. ಮೊದಲ ಬಕೆಟ್ ಚರಂಡಿಗೆ ಹೋಗಲಿ, ಜಾಲಿಸಿದ ನೀರನ್ನು ತೆಂಗು, ಬಾಳೆಗೆ ಜಾಗ ಬದಲಿಸುತ್ತ ಬಿಡಿ, ಕುಂಡದ ಗಿಡಗಳಿಗೆ ಬೇಡ.